ಗಣಿ ನಿಂತ ಗಿರಿ

ಕರಡಿಗಳ ಬೀಡಾದ ಗುಡೇಕೋಟೆಯ ಬಂಡೆಗುಡ್ಡಗಳ ನಡುವೆ ವಾಸಿಸುವ ನಮಗೆ ನೆರೆಯ ಸಂಡೂರಿನ ಅದಿರಿನ ಕೆಂಧೂಳು ಅಪರಿಚಿತವಲ್ಲವಾದಕಾರಣ, ಕುದುರೆಮುಖದ ವೃತ್ತಾಂತವನ್ನು ನಾವು ತುಸು ಸಾವಧಾನದಿಂದ ಆಲಿಸಬೇಕು. 1976ರಲ್ಲಿ ಸ್ಥಾಪಿತವಾದ ಸರ್ಕಾರಿ ಸಂಸ್ಥೆಯೊಂದು, ಮಳೆಯ ತವರಾದ ಆ ಗಿರಿಶ್ರೇಣಿಯನ್ನು ಅಗೆದು, ಅದಿರಿನ ಪುಡಿಯನ್ನು ನೀರಿನೊಡನೆ ಬೆರೆಸಿ, ಕೊಳವೆಯ ಮೂಲಕ ಘಟ್ಟವಿಳಿಸಿ ಮಂಗಳೂರಿನ ಕಡಲತಡಿಗೆ ಸಾಗಿಸುತ್ತಿದ್ದ ಕಾಲದಲ್ಲಿ, ಅಡವಿಯ ಮಧ್ಯದಲ್ಲಿ ಶಾಲೆ, ಆಸ್ಪತ್ರೆ, ವಸತಿಗೃಹಗಳಿಂದ ಕೂಡಿದ ಪಟ್ಟಣವೊಂದು ತಲೆಯೆತ್ತಿತು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಅಂತ್ಯಕ್ಕೆ ಗಣಿ ನಿಂತಿತು. ಪಟ್ಟಣವೂ ಬಹುಮಟ್ಟಿಗೆ ಬರಿದಾಯಿತು. ಈಗ ಅಲ್ಲಿಗೆ ಚಾರಣಿಗರು ಬರುತ್ತಾರೆ; ಸಮೀಪದ ಸಂಸೆ, ಕಳಸಗಳ ಕೆಲವು ಮನೆಗಳು ಹೋಂಸ್ಟೇಗಳಾಗಿವೆ. ಅದಿರು ಕೊಂಡೊಯ್ದವರಿಗಿಂತ ಇವರು ಮೃದುವೆಂಬುದು ನಿಜ, ಆದರೆ ಜನಸಂದಣಿಯೂ ಶೋಲಾ ಕಾಡಿಗೆ ಭಾರವೇ. ಶಿಖರವೇರುವವರ ಸಂಖ್ಯೆಗೆ ಅರಣ್ಯ ಇಲಾಖೆ ಮಿತಿ ವಿಧಿಸಿರುವುದು, ನನ್ನ ಮಟ್ಟಿಗೆ, ಯುಕ್ತವಾದ ಕ್ರಮ.