ಮೂಳೆ ಮುಂಬಯಿಯಲ್ಲಿ, ಚೀಟಿ ಊರಿನಲ್ಲಿ

(ಸಂಘದ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹೊರನಾಡ ಕನ್ನಡಿಗನ ಅಸ್ಮಿತೆಯ ಕುರಿತು ಈ ಸಭಾಂಗಣದಲ್ಲಿ ಸಾಕಷ್ಟು ಚರ್ಚೆಗಳಾಗಿವೆ. ನಾನಿಂದು ಅವನ ಮೊಣಕಾಲಿನ ಕುರಿತು ಮಾತನಾಡಬಯಸುತ್ತೇನೆ. ನಮ್ಮ ವೈದ್ಯಕೀಯ ನೆರವಿನ ಉಪಸಮಿತಿಗೆ ಬರುವ ದೂರವಾಣಿ ಕರೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಇದು: "ಸರಕಾರಿ ಯೋಜನೆಯಲ್ಲಿ ಆಪರೇಷನ್ ಮಾಡುವ ಮೂಳೆ ಡಾಕ್ಟರು ಯಾರಾದರೂ ಇದ್ದಾರೆಯೇ?"

ಯೋಜನೆಗೆ ಸೇರುವುದು ಆಸ್ಪತ್ರೆ. ಶಸ್ತ್ರಚಿಕಿತ್ಸಕ ವೈಯಕ್ತಿಕವಾಗಿ ಸೇರುವುದಿಲ್ಲ. ಈ ನಗರದ ಮೂಳೆ ತಜ್ಞರಲ್ಲಿ ಅನೇಕರು ದಿನಕ್ಕೆ ಮೂರು ಕಡೆ ಕೆಲಸ ಮಾಡುವವರು. ಬೆಳಿಗ್ಗೆ ಸ್ವಂತ ಕ್ಲಿನಿಕ್ಕಿನಲ್ಲಿ "ಯೋಜನೆ ಇಲ್ಲ" ಎನ್ನುವ ವೈದ್ಯರೇ ಮಧ್ಯಾಹ್ನ ಯೋಜನೆಯುಳ್ಳ ಆಸ್ಪತ್ರೆಯಲ್ಲಿ ಸಿಗುವುದುಂಟು. 2012ರ ಜುಲೈಯಲ್ಲಿ ಮುಂಬಯಿ ಸೇರಿದಂತೆ ಎಂಟು ಜಿಲ್ಲೆಗಳಲ್ಲಿ ಆರಂಭವಾಗಿ, 2017ರಲ್ಲಿ ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯೆಂದು ಹೆಸರು ಬದಲಿಸಿಕೊಂಡ ಯೋಜನೆಯಲ್ಲಿ ಪ್ರತಿಯೊಂದು ಶಸ್ತ್ರಚಿಕಿತ್ಸೆಗೂ ಒಂದು ಇಡಿಗಂಟಿನ ದರವಿದೆ. ಹಾಸಿಗೆ, ಔಷಧಿ, ಒಳಗೆ ಕೂಡಿಸುವ ಲೋಹದ ಭಾಗ, ವೈದ್ಯರ ಶುಲ್ಕ ಎಲ್ಲವೂ ಅದರೊಳಗೇ ಅಡಗಬೇಕು. ಮೂಳೆಯ ಚಿಕಿತ್ಸೆಯಲ್ಲಿ ಲೋಹದ್ದೇ ದೊಡ್ಡ ಪಾಲು. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಮೊಣಕಾಲಿನ ಕೃತಕ ಕೀಲುಗಳ ಬೆಲೆಗೆ ಮಿತಿ ಹಾಕಿದಾಗಲೂ ಸಾಮಾನ್ಯ ಬಗೆಯದಕ್ಕೆ, ತೆರಿಗೆಯನ್ನು ಬಿಟ್ಟು, 54,720 ರೂಪಾಯಿಯಿತ್ತು. ಖಾಸಗಿ ನರ್ಸಿಂಗ್ ಹೋಮುಗಳು ಯೋಜನೆಯಿಂದ ದೂರ ಸರಿಯುವುದಕ್ಕೆ ಇದೇ ಮುಖ್ಯ ಕಾರಣ. ಸರಕಾರದ ಹಣ ತಡವಾಗಿ ಬರುತ್ತದೆಂಬ ದೂರು ಬೇರೆ.

ಆದರೆ ನಮ್ಮವರ ತೊಡಕು ಆಸ್ಪತ್ರೆ ಸಿಕ್ಕ ಮೇಲೆಯೇ ಆರಂಭವಾಗುತ್ತದೆ. ಭಾಂಡುಪಿನ ಕಡೆಯ ಒಬ್ಬ ಅಡುಗೆ ಭಟ್ಟರು, ಅರವತ್ತು ದಾಟಿದವರು, ಒದ್ದೆ ನೆಲದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಯೋಜನೆಯುಳ್ಳ ಆಸ್ಪತ್ರೆಗೆ ನಾವೇ ಕರೆದೊಯ್ದೆವು. ಅಲ್ಲಿನ ಆರೋಗ್ಯಮಿತ್ರ ಸೌಜನ್ಯದಿಂದಲೇ ಪಡಿತರ ಚೀಟಿ ಕೇಳಿದರು. ಚೀಟಿ ಇತ್ತು, ಕುಂದಾಪುರ ತಾಲೂಕಿನ ಅಣ್ಣನ ಮನೆಯಲ್ಲಿ! ನಲವತ್ತು ವರ್ಷ ಈ ನಗರಕ್ಕೆ ಇಡ್ಲಿ ಬೇಯಿಸಿ ಹಾಕಿದವರ ಬಳಿ ಮಹಾರಾಷ್ಟ್ರದ ಚೀಟಿಯೂ ಇರಲಿಲ್ಲ, ವಾಸ್ತವ್ಯದ ಪ್ರಮಾಣಪತ್ರವೂ ಇರಲಿಲ್ಲ. ಕರ್ನಾಟಕದ ಯೋಜನೆಗೆ ಹೋಗೋಣವೆಂದರೆ, ಮುರಿದ ಸೊಂಟದೊಡನೆ ರೈಲು ಹತ್ತಿಸುವುದು ಹೇಗೆ? ಈ ವಯಸ್ಸಿನಲ್ಲಿ ಇಂಥ ಮುರಿತವಾಗಿ ಮಲಗಿದಲ್ಲೇ ಉಳಿದವರಿಗೆ ಬೆನ್ನುಹುಣ್ಣು, ಶ್ವಾಸಕೋಶದ ಸೋಂಕು ಬರುವ ಭಯ ದಿನದಿನಕ್ಕೂ ಹೆಚ್ಚುತ್ತದೆ. ಕೊನೆಗೆ ಮುನಿಸಿಪಾಲಿಟಿಯ ಆಸ್ಪತ್ರೆಯೊಂದರಲ್ಲಿ ಹನ್ನೊಂದನೆಯ ದಿನ ಶಸ್ತ್ರಚಿಕಿತ್ಸೆಯಾಯಿತು. ಲೋಹದ ಹಣವನ್ನು ನಾವು ವಂತಿಗೆ ಎತ್ತಿ ಕೊಟ್ಟೆವು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. 2023ರಲ್ಲಿ ಮಹಾರಾಷ್ಟ್ರ ಸರಕಾರ ಇದೇ ಯೋಜನೆಯನ್ನು ಕರ್ನಾಟಕದೊಳಗಿನ 865 ಗಡಿ ಗ್ರಾಮಗಳಿಗೆ ವಿಸ್ತರಿಸಲು ಹೊರಟಿತು; ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಪ್ರತಿಭಟಿಸಿದರು. ಗಡಿಯಾಚೆಯ ಮೊಣಕಾಲಿಗಾಗಿ ಎರಡು ಸರಕಾರಗಳು ಸೆಣಸಬಲ್ಲವು. ಭಾಂಡುಪಿನ ಭಟ್ಟರ ಸೊಂಟಕ್ಕಾಗಿ ಸೆಣಸುವವರು ಯಾರು? ಅಕ್ಕಿಯ ಮಟ್ಟಿಗೆ ಊರಿನ ಚೀಟಿ ಇಲ್ಲಿಯೂ ನಡೆಯುವ ವ್ಯವಸ್ಥೆ ಬಂದಿದೆ. ಕೇಂದ್ರದ ಆಯುಷ್ಮಾನ್ ಯೋಜನೆಯ ಪಟ್ಟಿಯಲ್ಲಿ ಹೆಸರಿದ್ದವರಿಗೆ ಹೊರರಾಜ್ಯದಲ್ಲೂ ಚಿಕಿತ್ಸೆಯುಂಟು. 2024ರ ಅಕ್ಟೋಬರಿನಿಂದ ಎಪ್ಪತ್ತು ತುಂಬಿದವರಿಗೆ ಆದಾಯದ ಪ್ರಶ್ನೆಯೇ ಇಲ್ಲದೆ ಕಾರ್ಡು ಸಿಗುತ್ತಿದೆ. ಅದಕ್ಕಿಂತ ಕಿರಿಯರಾಗಿ, ಪಟ್ಟಿಯಲ್ಲೂ ಇಲ್ಲದವರು ಎರಡು ರಾಜ್ಯಗಳ ನಡುವಿನ ಬಿರುಕಿಗೆ ಬೀಳುತ್ತಾರೆ.

2024ರ ಜುಲೈಯಿಂದ ಮಹಾರಾಷ್ಟ್ರದ ಯೋಜನೆಯು ಚೀಟಿಯ ಬಣ್ಣ ನೋಡದೆ ಎಲ್ಲ ಕುಟುಂಬಗಳಿಗೂ ವರ್ಷಕ್ಕೆ 5 ಲಕ್ಷದವರೆಗೆ ವಿಸ್ತರಿಸಿತು. ಚೀಟಿಯಿಲ್ಲದವರಿಗೆ ವಾಸ್ತವ್ಯದ ಪ್ರಮಾಣಪತ್ರ ಸಾಕು. ಆದರೂ ನಮ್ಮವರು ಊರಿನ ಚೀಟಿಯಿಂದ ಹೆಸರು ತೆಗೆಸಲು ಒಪ್ಪುವುದಿಲ್ಲ. "ಹೆಸರು ಹೋದರೆ ಮನೆಯ ಹಕ್ಕೂ ಹೋಗುತ್ತದೆ" ಎನ್ನುತ್ತಾರೆ. ಪಡಿತರ ಚೀಟಿಯಿಂದ ಆಸ್ತಿಯ ಪಾಲು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಆದರೆ ಆ ಭಯ ಕಾನೂನಿನದಲ್ಲವೆಂದು ನಾನು ಬಲ್ಲೆ. ವರ್ಷಕ್ಕೊಮ್ಮೆ ನಾಗಮಂಡಲಕ್ಕೋ ಕೋಲಕ್ಕೋ ಹೋಗಿ ಬರುವವನಿಗೆ ಊರಿನಲ್ಲಿ ಉಳಿದಿರುವ ಕೊನೆಯ ಲಿಖಿತ ಕುರುಹು ಅದೊಂದೇ.

ಇನ್ನು ಮುಂದಿನ ಸಾಲಿನಲ್ಲಿ ಕುಳಿತಿರುವ ಹೋಟೆಲು ಮಾಲಿಕರಲ್ಲಿ ಒಂದು ಮಾತು, ಕಟುವೆನಿಸಿದರೆ ಕ್ಷಮಿಸಿ. 1948ರ ಕಾಯಿದೆಯಿಂದ ಹುಟ್ಟಿ 1954ರಲ್ಲಿ ಮುಂಬಯಿಗೆ ಬಂದ ಇ.ಎಸ್.ಐ. ಕಾರ್ಮಿಕನ ಊರಿನ ಚೀಟಿ ಕೇಳುವುದಿಲ್ಲ. ಅವನು ಯಾರ ಕೈಕೆಳಗೆ ದುಡಿಯುತ್ತಾನೆಂದು ಮಾತ್ರ ಕೇಳುತ್ತದೆ. 2018ರ ಡಿಸೆಂಬರಿನಲ್ಲಿ ಅಂಧೇರಿಯ ಇ.ಎಸ್.ಐ. ಆಸ್ಪತ್ರೆಗೆ ಬೆಂಕಿ ಬಿದ್ದುದನ್ನು ಮರೆತು ಅದನ್ನು ಹೊಗಳಲಾರೆ. ಆದರೂ 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ಮಾಲಿಕರ ಪಾಲು ಶೇ. 3.25, ಕಾರ್ಮಿಕನದು ಶೇ. 0.75. ಹದಿನೈದು ಸಾವಿರ ಸಂಬಳದ ಭಟ್ಟರಿಗೆ ಎರಡೂ ಸೇರಿ ತಿಂಗಳಿಗೆ 600 ರೂಪಾಯಿ. ನಾನು ಹೇಳಿದ ಭಟ್ಟರ ಹೆಸರು ಅಲ್ಲಿಯೂ ಇರಲಿಲ್ಲ. ಊರಿನ ಬ್ರಹ್ಮಕಲಶಕ್ಕೆ ಲಕ್ಷ ಕೊಡುವ ಕೈಗಳಿಗೆ ಈ 600 ಭಾರವಾಯಿತೆಂದರೆ ನಂಬುವುದು ಕಷ್ಟ.

ಕೈಯಲ್ಲಿ ಯಾವ ಕಾಗದವೂ ಇಲ್ಲದೆ ಅಪಘಾತವಾದರೆ ಮುನಿಸಿಪಾಲಿಟಿ ಆಸ್ಪತ್ರೆಗೇ ನೇರವಾಗಿ ಹೋಗಿರಿ, ಕೆ.ಇ.ಎಂ., ಸಾಯನ್, ನಾಯರ್, ಕೂಪರ್‌ಗಳಲ್ಲಿ ಸಾಲು ಉದ್ದವಾಗಿದ್ದರೂ ನುರಿತ ಕೈಗಳಿವೆ. ದೊಡ್ಡ ಧರ್ಮಾರ್ಥ ಆಸ್ಪತ್ರೆಗಳಲ್ಲಿಯೂ 2006ರ ಮುಂಬಯಿ ಉಚ್ಚ ನ್ಯಾಯಾಲಯದ ಆದೇಶದಂತೆ ಶೇ. 10 ಹಾಸಿಗೆಗಳು ಬಡವರಿಗೆ ಉಚಿತ, ಇನ್ನೂ ಶೇ. 10 ರಿಯಾಯಿತಿ ದರದವು. ಆದಾಯದ ದಾಖಲೆ ಹಿಡಿದು ಅಲ್ಲಿನ ಸಮಾಜಸೇವಾ ವಿಭಾಗವನ್ನು ಕೇಳಬೇಕು.

ಮುಂದಿನ ಸದಸ್ಯತ್ವದ ಅರ್ಜಿಯಲ್ಲಿ ಹುಟ್ಟೂರು, ರಕ್ತದ ಗುಂಪುಗಳ ಜೊತೆಗೆ ಪಡಿತರ ಚೀಟಿ ಯಾವ ರಾಜ್ಯದ್ದು, ಇ.ಎಸ್.ಐ. ಸಂಖ್ಯೆ ಏನು ಎಂಬ ಎರಡು ಕಾಲಂಗಳನ್ನು ಸೇರಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ. ತುಂಬಲಾಗದೆ ಖಾಲಿ ಬಿಟ್ಟವರ ಮನೆಗೆ ಮೊದಲು ಹೋಗೋಣ.