ಸಕ್ಕರೆಯ ಸೀಮೆಯಲ್ಲಿ ಊಟದ ತಾಟು



ಬೀಳಗಿ ತಾಲ್ಲೂಕಿನ ಅನಗವಾಡಿ ಘಟಪ್ರಭೆಯ ದಂಡೆಯ ಊರು. ಸುತ್ತಲಿನ ಸೀಮೆಯೆಲ್ಲ ಕಬ್ಬು, ಬೆಲ್ಲ, ಸಕ್ಕರೆ ಕಾರ್ಖಾನೆ. ಇಂಥಲ್ಲಿ ವೈದ್ಯರು 'ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದ್ದೀರಿ' ಎಂದರೆ ಮೊದಲು ಕಾಡುವ ಪ್ರಶ್ನೆ, ಇನ್ನು ಉಣ್ಣುವುದೇನು?

ಹಸಿದ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ ಇದ್ದರೆ ಅದನ್ನು ಸಾಮಾನ್ಯವಾಗಿ ಪೂರ್ವಮಧುಮೇಹ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಇಂಥವರು 13.6 ಕೋಟಿ. ಇದು ಎಚ್ಚರಿಕೆ, ತೀರ್ಪಲ್ಲ. ಊಟ, ನಡಿಗೆ ತಿದ್ದಿಕೊಂಡವರಲ್ಲಿ ಮಧುಮೇಹದ ಅಪಾಯ ಕಾಲುಭಾಗಕ್ಕಿಂತ ಹೆಚ್ಚು ತಗ್ಗಿದ್ದನ್ನು 2006ರ ಭಾರತೀಯ ಅಧ್ಯಯನವೊಂದು ತೋರಿಸಿದೆ.

ಪಥ್ಯಕ್ಕೆ ದೂರದ ಓಟ್ಸ್ ಹುಡುಕಬೇಕಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಮಡಿಕೆಕಾಳು, ಹಸಿ ಮೆಂತ್ಯೆ, ಸವತಿಕಾಯಿ, ಮಜ್ಜಿಗೆ ನಮ್ಮ ತಾಟಿನಲ್ಲೇ ಇವೆ. ಆದರೆ ಜೋಳವೂ ಪಿಷ್ಟವೇ. ರೊಟ್ಟಿ ಎಣಿಸಿ ತಿನ್ನಬೇಕು, ಪಲ್ಯ-ಕಾಳು ಹೆಚ್ಚಿಸಬೇಕು, ರೊಟ್ಟಿಯ ಮೇಲೆ ಮತ್ತೆ ಅನ್ನದ ರಾಶಿ ಬೇಡ. ಬೆಲ್ಲ ಒಳ್ಳೆಯದೆಂದು ಚಹಾಕ್ಕೆ ಸುರಿದರೆ ರಕ್ತಕ್ಕೆ ಅದೂ ಸಕ್ಕರೆಯೇ.

ಹೊಲದಲ್ಲಿ ದುಡಿದ ಹಿರಿಯರ ಊಟದ ಅಳತೆ ಬೈಕಿನಲ್ಲಿ ಓಡಾಡುವ ನಮಗೆ ಒಗ್ಗದು. ಮನೆಮಂದಿಯೆಲ್ಲ ಒಂದೇ ಅಡುಗೆ ಉಂಡರೆ ಪಥ್ಯ ಶಿಕ್ಷೆ ಆಗುವುದಿಲ್ಲ. ವೈದ್ಯರ ಸಲಹೆ ಕೇಳಿ, ಮತ್ತೆ ರಕ್ತ ಪರೀಕ್ಷಿಸಿಕೊಳ್ಳಿ. ಬದಲಾವಣೆ ಇಂದಿನ ಮೊದಲ ಚಹಾದಿಂದಲೇ ಆಗಲಿ.