ಹರಿದ ಪ್ಯಾಂಟಿನ ಲೆಕ್ಕ



ನಮ್ಮ ರಾಯಚೂರಿನ ಬಿಸಿಲನ್ನು ನಿಮಗೆ ವರ್ಣಿಸಬೇಕಾದ್ದಿಲ್ಲ. ಆ ಬಿಸಿಲಿನಲ್ಲಿ, ವೈಶಾಖದ ಲಗ್ನಕ್ಕೆ, ಮದುವೆಯ ಗಂಡು ಕೊರಳತನಕ ಗುಂಡಿ ಬಿಗಿದ ಜರಿಯ ಶೇರವಾನಿ ತೊಟ್ಟು ಬೆವರಿಳಿಸುತ್ತ ನಗುತ್ತಾನೆ. ಏಕೆಂದರೆ ಫೋಟೋ ತೆಗೆಯುತ್ತಿದ್ದಾರೆ. ನಿಜಾಮರ ಕಾಲದಲ್ಲಿ ಇದೇ ಶೇರವಾನಿ ದರಬಾರಿನ ಉಡುಪಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಆ ಆಳಿಕೆ ಉರುಳಿತು; ಖಾದಿ ಟೋಪಿಗೆ ಮಾನ ಬಂತು. ಅಂದು ಸಾಹೇಬರು ಕಳಚಿಟ್ಟಿದ್ದನ್ನು ಇಂದು ರೈತನ ಮೊಮ್ಮಗ ಬಾಡಿಗೆಗೆ ತಂದು ತೊಡುತ್ತಾನೆ. ನವಾಬಗಿರಿ ಹೋಯಿತೆಂದು ಯಾರು ಹೇಳಿದರು? ದಿನದ ಲೆಕ್ಕದಲ್ಲಿ ಸಿಗುತ್ತದೆ.

ನಡುವೆ ಟೆರಿಲಿನ್ ಬಂತು. 1941ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದ ನೂಲು, ಬೆವರು ಹೀರದು. ಆದರೂ ಹತ್ತಿ ಬೆಳೆಯುವ ನಾವು ಹತ್ತಿಯಂಗಿಯನ್ನು ಹೊಲಕ್ಕೆ ಬಿಟ್ಟು ಟೆರಿಲಿನ್ ತೊಟ್ಟು ಪೇಟೆಗೆ ಬಂದೆವು. ಇಸ್ತ್ರಿ ಕೆಡುವುದಿಲ್ಲವಂತೆ! ಇಸ್ತ್ರಿ ಕೆಡಲಿಲ್ಲ, ಮೈ ಬೆಂದಿತು.

ಈಗ ಹರಿದ ಪ್ಯಾಂಟಿನ ಕಾಲ. 1873ರಲ್ಲಿ ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯೂ ಲೆವಿ ಸ್ಟ್ರಾಸ್ ಎಂಬ ಜವಳಿ ವರ್ತಕನೂ ಕೂಡಿ ಜೀನ್ಸಿಗೆ ಪೇಟೆಂಟ್ ಪಡೆದರು. ದುಡಿಯುವವರ ಜೇಬು ಹರಿಯಬಾರದೆಂದು ತಾಮ್ರದ ರಿವೆಟ್ ಬಡಿದದ್ದೇ ಅದರ ಹೆಚ್ಚುಗಾರಿಕೆ. ಹರಿಯಬಾರದೆಂದು ಹುಟ್ಟಿದ ಬಟ್ಟೆಯನ್ನು ಈಗ ಕಾರ್ಖಾನೆಯಲ್ಲೇ ಹರಿದು ಮಾರುತ್ತಾರೆ. ಜಿನ್ನಿಂಗ್ ಮಿಲ್ಲಿನಲ್ಲಿ ಅಪ್ಪನ ಮೊಣಕಾಲಲ್ಲಿ ಹರಿದರೆ ಅದು ಬಡತನ. ಮಗ ದುಡ್ಡು ತೆತ್ತು ಹರಿದದ್ದನ್ನು ತಂದರೆ ನಾಗರಿಕತೆ.

ಲೆಕ್ಕ ನೋಡೋಣ. ದೇವದುರ್ಗದ ರೈತ ರಾಯಚೂರಿನ ಗಂಜಿಗೆ ಹತ್ತಿ ತರುತ್ತಾನೆ. ಜಿನ್ ಮಾಡಿದರೆ ಸುಮಾರು ಮೂರರಲ್ಲಿ ಒಂದು ಪಾಲು ಅರಳೆ, ಉಳಿದದ್ದು ಕಾಳು. 2024-25ರಲ್ಲಿ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 7,521 ರೂಪಾಯಿ ಇತ್ತು. ಒಂದು ಪ್ಯಾಂಟಿಗೆ ಒಂದು ಕಿಲೊ ಅರಳೆ ಎಂದು ಧಾರಾಳವಾಗಿಯೇ ಹಿಡಿಯಿರಿ: ಮೂರು ಕಿಲೊ ಹತ್ತಿ, ಸುಮಾರು 225 ರೂಪಾಯಿ. ಬೀಜ, ಗೊಬ್ಬರ, ಔಷಧಿ, ಹತ್ತಿ ಬಿಡಿಸಿದ ಹೆಣ್ಣಾಳಿನ ಕೂಲಿ, ಎಲ್ಲವೂ ಅದರೊಳಗೇ. ಬೇಲು ಕಟ್ಟಿ ಹೊರಟ ಅರಳೆ ಊರೂರು ಸುತ್ತಿ ಪ್ಯಾಂಟಾಗಿ ಮರಳಿದಾಗ 2,000 ರೂಪಾಯಿಯ ಚೀಟಿ ನೇತಾಡಿದರೂ ಯಾರೂ ಬೆಚ್ಚುವುದಿಲ್ಲ. ತೂತಿಗಂತೂ ಹತ್ತಿ ಬೇಕಾಗಿಲ್ಲ!

ವ್ಯಾಪಾರಿ ಮಿತ್ರರು ನಗುತ್ತಿದ್ದೀರಿ. ಮಾನ್ವಿಯ ಸಣ್ಣ ಜವಳಿ ಅಂಗಡಿಯವನನ್ನು ನೋಡಿ. ದೀಪಾವಳಿಗೆಂದು ಬಡ್ಡಿಗೆ ಸಾಲ ತಂದು ಬಿಗಿ ಪ್ಯಾಂಟು ತುಂಬಿಸುತ್ತಾನೆ. ಯುಗಾದಿಯ ಹೊತ್ತಿಗೆ ಯಾವನೋ ಸಿನಿಮಾ ನಟ ಸಡಿಲು ಪ್ಯಾಂಟು ತೊಟ್ಟು ಮೊಬೈಲಿನಲ್ಲಿ ಕುಣಿಯುತ್ತಾನೆ. ಹಿಂದೆ ಬಟ್ಟೆ ಹಳತಾಗಬೇಕಾದರೆ ಯಾರಾದರೂ ತೊಡಬೇಕಿತ್ತು. ಈಗ ಕಪಾಟಿನಲ್ಲಿ ಮಡಿಕೆ ಬಿಚ್ಚದೆಯೇ ಹಳತಾಗುತ್ತದೆ. ಬಡ್ಡಿಗೆ ಮಾತ್ರ ಫ್ಯಾಶನ್ನಿನ ಹಂಗಿಲ್ಲ.

ಯಾರು ಏನು ತೊಡಬೇಕೆಂದು ನಾವು ಹೇಳಲು ಬಂದಿಲ್ಲ. ಹೆಣ್ಣುಮಕ್ಕಳ ಉಡುಪನ್ನೇ ಹಿಡಿದು ಉಪದೇಶ ಬಿಗಿಯುವ ಹಿರಿಯರ ಸಾಲಿನಲ್ಲೂ ನಾವಿಲ್ಲ; ಆ ಹಿರಿಯರ ಕೈಯಲ್ಲೂ ಹೊಸ ಫೋನಿದೆ. ನಮ್ಮ ತಕರಾರು ಬೇರೆ. ಮದುವೆಯ ಅರಿಸಿನದ ದಿನ ಮನೆಮಂದಿಗೆಲ್ಲ ಒಂದೇ ಹಳದಿ ಉಡುಪು, ಮರುದಿನ ಇನ್ನೊಂದು ಬಣ್ಣ. ನೆರೆಮನೆಯವರು ಮಾಡಿದರೆಂದು ಮಿಲ್ಲಿನ ಹಮಾಲನೂ ಮಾಲೀಕನಲ್ಲಿ ಮುಂಗಡ ಬರೆಸುತ್ತಾನೆ. ಬರುವ ಹಂಗಾಮಿನಲ್ಲಿ ಕೂಲಿ ಹೆಚ್ಚಿಸಿರೆಂದು ಎಲ್ಲರೂ ಕೂಡಿ ಕೇಳಲು ಹೋದಾಗ, ಮುಂಗಡದ ಪುಸ್ತಕ ಮಾಲೀಕನ ಮೇಜಿನ ಮೇಲೆ ತೆರೆದೇ ಇರುತ್ತದೆ. ಆಗ ಮುಂದೆ ನಿಂತು ಮಾತಾಡುವವರು ಎಷ್ಟು ಜನ ಉಳಿಯುತ್ತಾರೆಂದು ಎಣಿಸಿ ನಮಗೆ ತಿಳಿಸಿ.